ಲೆಕ್ಕದ ಉಗ್ರಾಣಕ್ಕೆ ಹೊರಗಿನವರ ಸಾಧನವನ್ನು ಜೋಡಿಸುವ ವಿಚಾರ

(ಒಬ್ಬ ವ್ಯವಸಾಯದ ಇನ್‌ಸ್ಪೆಕ್ಟರು ಬರೆದುದು)

ಗ್ರಾಮದ ಯಜಮಾನರೂ ಭೂಮಾಲೀಕರೂ ಆದ ವಾಚಕ ಮಹಾಶಯರಲ್ಲಿ ಅನೇಕರು ಈಗ ಒಂದಲ್ಲ ಒಂದು ಬೆಳೆಗಾರರ ಕಂಪೆನಿಯಲ್ಲಿಯೋ ಸಹಕಾರ ಸಂಘದಲ್ಲಿಯೋ ಡೈರೆಕ್ಟರುಗಳಾಗಿರುವರು. ೨೦೨೦ನೆಯ ಇಸವಿಯಲ್ಲಿ ಕೇಂದ್ರ ಸರ್ಕಾರದವರು ದೇಶದಲ್ಲೆಲ್ಲ ೧೦,೦೦೦ ಬೆಳೆಗಾರರ ಸಂಸ್ಥೆಗಳನ್ನು ಏರ್ಪಡಿಸುವ ಯೋಜನೆಯನ್ನು ಜಾರಿಗೆ ತಂದ ಮೇಲೆ ಇಂತಹ ಕಂಪೆನಿಗಳು ನಮ್ಮ ತಾಲ್ಲೂಕುಗಳಲ್ಲಿಯೂ ಹೆಚ್ಚಿವೆ. ಹಿಂದೆ ಮನೆಯ ಜಗಲಿಯ ಮೇಲೆ ಕುಳಿತು ಊರಿನ ಹುಟ್ಟುವಳಿಯನ್ನು ಬೆರಳೆಣಿಕೆಯಲ್ಲಿಯೇ ಹೇಳಿಬಿಡುತ್ತಿದ್ದ ಹಿರಿಯರು, ಇಂದು ಸಭೆಯ ಗೋಡೆಯ ಮೇಲೆ ಬೆಳಗುವ ಬಣ್ಣದ ಚಿತ್ರಗಳನ್ನು ನೋಡಿ ನಿರ್ಣಯಗಳಿಗೆ ರುಜು ಹಾಕಬೇಕಾಗಿ ಬಂದಿದೆ. ಈ ಚಿತ್ರಗಳು ಎಲ್ಲಿಂದ ಬರುತ್ತವೆ, ಅವುಗಳ ಹಿಂದಿನ ಏರ್ಪಾಡು ಯಾವುದು, ಆ ಏರ್ಪಾಡಿನಲ್ಲಿ ಯಾವ ಬಾಗಿಲು ಯಾರಿಗೆ ತೆರೆದಿರುತ್ತದೆ ಎಂಬುದನ್ನು ವಿಚಾರಿಸುವವರು ಬಹು ವಿರಳ. ನಾನೂ ಕೆಲವು ಕಾಲ ವಿಚಾರಿಸದೆಯೇ ಇದ್ದೆನು. ಅದರಿಂದ ಆದ ನಷ್ಟವನ್ನು ಕಣ್ಣಾರೆ ಕಂಡುದರಿಂದ, ನನ್ನ ಅಭಿಪ್ರಾಯವನ್ನು ವಾಚಕರಲ್ಲಿ ಅರಿಕೆಮಾಡಿಕೊಳ್ಳಬೇಕೆಂದು ಈ ಲೇಖನವನ್ನು ಬರೆದಿದ್ದೇನೆ. ಹೊರಗಿನವರ ಸಾಧನವನ್ನು ಜೋಡಿಸಲೇ ಬೇಡಿರೆಂದು ನಾನು ಹೇಳುವುದಿಲ್ಲ. ಅಳೆಯುವ ಕೊಳಗವು ನಮ್ಮಲ್ಲಿಯೇ ಇರತಕ್ಕದ್ದು, ಹೊರಗಿನವರಿಗೆ ಕೊಡುವ ಬೀಗದ ಕೈ ಒಂದು ಕೋಣೆಯದು ಮಾತ್ರವಾಗಿರತಕ್ಕದ್ದು ಎಂಬುದಿಷ್ಟೇ ನನ್ನ ವಾದ.

ಮೊದಲು ಪದಗಳ ಅರ್ಥವನ್ನು ತಿಳಿಸುವೆನು. ಕಂಪೆನಿಯ ಸದಸ್ಯರ ಪಟ್ಟಿ, ಸರ್ವೆ ನಂಬರುಗಳ ವಿಸ್ತೀರ್ಣ, ತೂಕದ ಚೀಟಿಗಳು, ಬೀಜ ಗೊಬ್ಬರಗಳ ವಿಕ್ರಯ, ಸಾಲದ ಬಾಕಿ ಮೊದಲಾದವು ಬೇರೆ ಬೇರೆ ಪುಸ್ತಕಗಳಲ್ಲಿದ್ದರೆ ಒಂದನ್ನೊಂದು ತಾಳೆ ನೋಡುವುದು ಬಹಳ ಪ್ರಯಾಸ. ಇವೆಲ್ಲವನ್ನೂ ಒಂದೇ ಕಡೆಯಲ್ಲಿ, ಪ್ರಶ್ನೆ ಕೇಳಿದೊಡನೆ ಉತ್ತರ ದೊರೆಯುವಂತೆ ಪಟ್ಟಿಪಟ್ಟಿಯಾಗಿ ಕೂಡಿಡುವ ಸ್ಥಳಕ್ಕೆ ಡೇಟಾ ವೇರ್‌ಹೌಸ್ ಎಂದು ಹೆಸರು. ನಾನು ಇದನ್ನು ಲೆಕ್ಕದ ಉಗ್ರಾಣವೆಂದು ಕರೆಯುವೆನು. ಈ ಉಗ್ರಾಣವು ಕಂಪೆನಿಯ ಕಟ್ಟಡದಲ್ಲಿ ಇರುವುದಿಲ್ಲ. ಗೂಗಲ್‌ನವರ ಬಿಗ್‌ಕ್ವೆರಿ, ಅಮೆಜಾನ್‌ನವರ ರೆಡ್‌ಶಿಫ್ಟ್, ಸ್ನೋಫ್ಲೇಕ್ ಎಂಬ ಕಂಪೆನಿಯವರ ಉಗ್ರಾಣ ಮುಂತಾದವುಗಳಲ್ಲಿ ಸ್ಥಳವೂ ಯಂತ್ರಬಲವೂ ಬಾಡಿಗೆಗೆ ದೊರೆಯುತ್ತವೆ. ಬಾಡಿಗೆಯ ಈ ಪದ್ಧತಿಗೆ ಕ್ಲೌಡ್ ಎಂಬ ಹೆಸರು ಬಿದ್ದಿದೆ. ಹೆಸರು ಮೇಘವಾದರೂ ಇದು ಆಕಾಶದಲ್ಲಿ ಇರತಕ್ಕದ್ದಲ್ಲ. ಮುಂಬಯಿ, ಹೈದರಾಬಾದು ಮೊದಲಾದ ಕಡೆಗಳಲ್ಲಿ ನೆಲದ ಮೇಲೆಯೇ ಕಟ್ಟಿರುವ ಯಂತ್ರಾಲಯಗಳಲ್ಲಿದೆ.

ಉಗ್ರಾಣದಲ್ಲಿರುವುದು ಬರಿಯ ಅಂಕಿಗಳ ಸಾಲುಗಳು. ಅವುಗಳನ್ನು ಕಂಬ, ಗೆರೆ, ಚಕ್ರಗಳ ರೂಪದಲ್ಲಿ ತೋರಿಸತಕ್ಕದ್ದು ಮತ್ತೊಂದು ಸಾಧನ. ಇದಕ್ಕೆ ಬಿಸಿನೆಸ್ ಇಂಟೆಲಿಜೆನ್ಸ್ ಸಾಧನವೆಂದೂ ಚಿಕ್ಕದಾಗಿ ಬಿ. ಐ. ಸಾಧನವೆಂದೂ ಹೆಸರು. ಪವರ್ ಬಿ. ಐ., ಟ್ಯಾಬ್ಲೋ, ಲುಕರ್ ಎಂಬುವು ಈ ಜಾತಿಯವು. ಉಗ್ರಾಣದ ಒಡೆಯರೊಬ್ಬರು, ಸಾಧನದ ಒಡೆಯರು ಮತ್ತೊಬ್ಬರು. ಲೆಕ್ಕದ ಒಡೆಯರು ಮಾತ್ರ ನಾವು. ಉಗ್ರಾಣದ ವಿಳಾಸವನ್ನೂ ಅದರೊಳಗಿನ ಖಾತೆಯ ಹೆಸರನ್ನೂ ಪಾಸ್‌ವರ್ಡನ್ನೂ ಸಾಧನದಲ್ಲಿ ಬರೆದುಕೊಟ್ಟರೆ, ದುಭಾಷಿಯಂತಿರುವ ಡ್ರೈವರ್ ಎಂಬ ಸಣ್ಣ ತಂತ್ರಾಂಶವು ಇಬ್ಬರ ಮಾತನ್ನೂ ಆಚೆಗೂ ಈಚೆಗೂ ಮುಟ್ಟಿಸುತ್ತದೆ. ೧೯೯೨ರಲ್ಲಿ ಹೊರಬಂದ ಓ. ಡಿ. ಬಿ. ಸಿ. ಎಂಬ ಕಟ್ಟಳೆಯ ದೆಸೆಯಿಂದ ಒಬ್ಬರ ಉಗ್ರಾಣಕ್ಕೆ ಇನ್ನೊಬ್ಬರ ಸಾಧನವು ಹೊಂದಿಕೊಳ್ಳುವುದು ಸುಲಭವಾಯಿತು. ನೋಡುವವರು ಚಿತ್ರದ ಮೇಲೆ ಬೆರಳಿಟ್ಟೊಡನೆ ಸಾಧನವು ಎಸ್. ಕ್ಯೂ. ಎಲ್. ಎಂಬ ಭಾಷೆಯಲ್ಲಿ ಪ್ರಶ್ನೆಯನ್ನು ಬರೆದು ಉಗ್ರಾಣಕ್ಕೆ ಕಳುಹಿಸಿ, ಬಂದ ಉತ್ತರಕ್ಕೆ ಬಣ್ಣ ಕಟ್ಟಿ ಮುಂದಿಡುತ್ತದೆ. ಜೋಡಿಸುವ ಕೆಲಸಕ್ಕೆ ತಿಳಿದವರಿಗೆ ಅರ್ಧ ಗಂಟೆ ಸಾಕು. ಇಷ್ಟು ಸುಲಭವಾಗಿರುವುದರಿಂದಲೇ ಯಾರೂ ಯೋಚಿಸದೆ ಜೋಡಿಸಿಬಿಡುತ್ತಾರೆ.

ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಭೂಮಿ ಯೋಜನೆಯಲ್ಲಿ ಸುಮಾರು ೬೭ ಲಕ್ಷ ರೈತರಿಗೆ ಸಂಬಂಧಪಟ್ಟ ೨ ಕೋಟಿ ಪಹಣಿಗಳು ಗಣಕಕ್ಕೆ ಏರಿ ಎರಡು ದಶಕಗಳು ಕಳೆದುವು. ೨೦೨೦ರಿಂದ ರೈತರು ತಮ್ಮ ಬೆಳೆಯ ವಿವರವನ್ನು ತಾವೇ ಮೊಬೈಲಿನಲ್ಲಿ ದಾಖಲು ಮಾಡುವ ಏರ್ಪಾಡೂ ಆಗಿದೆ. ಬೆಳೆ ವಿಮೆ, ಬೆಳೆ ಪರಿಹಾರ, ಬೆಂಬಲ ಬೆಲೆ ಇವುಗಳಿಗೆಲ್ಲ ಆ ಅಂಕಿಗಳನ್ನೇ ನೋಡುತ್ತಾರೆ. ಹೀಗಿರಲಾಗಿ ಅಂಕಿಯಲ್ಲಿ ಆದ ತಪ್ಪು ಕಾಗದದ ಮೇಲೆ ನಿಲ್ಲುವುದಿಲ್ಲ. ರೈತನ ಕೈಗೆ ಬರುವ ಹಣದಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಎರಡು ಮುಂಗಾರುಗಳ ಹಿಂದೆ ನನ್ನ ವಲಯದ ಒಂದು ಬೆಳೆಗಾರರ ಕಂಪೆನಿಯವರು ತಮ್ಮ ಉಗ್ರಾಣಕ್ಕೆ ಇಂತಹ ಸಾಧನವೊಂದನ್ನು ಜೋಡಿಸಿಸಿದರು. ಅದರ ಹೆಸರನ್ನು ಇಲ್ಲಿ ಹೇಳುವುದು ಅನಗತ್ಯ. ನಗರದಿಂದ ಬಂದ ಏಜೆಂಟರು ಒಂದೇ ದಿನದಲ್ಲಿ ಕೆಲಸವನ್ನು ಮುಗಿಸಿ ಡೈರೆಕ್ಟರುಗಳ ಸಭೆಯಲ್ಲಿ ಮೊದಲನೆಯ ಚಿತ್ರವನ್ನು ಪ್ರದರ್ಶಿಸಿದರು. ಯಾವ ಗ್ರಾಮದಲ್ಲಿ ಸದಸ್ಯರು ಎಷ್ಟು ಎಕರೆ ಮುಸುಕಿನ ಜೋಳವನ್ನು ಬಿತ್ತಿರುವರೆಂಬುದು ಹಸುರು ಕಂಬಗಳಲ್ಲಿ ಕಾಣುತ್ತಿತ್ತು. ಚಿತ್ರವು ನೋಡಲು ಬಹಳ ಅಂದವಾಗಿದ್ದುದರಲ್ಲಿ ಸಂದೇಹವಿಲ್ಲ. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ವೃದ್ಧ ಭೂಮಾಲೀಕರೊಬ್ಬರು ಎದ್ದು, "ಸ್ವಾಮಿ, ನಮ್ಮೂರ ಖುಷ್ಕಿ ಎಷ್ಟೆಂಬುದು ನನಗೆ ತಿಳಿದಿದೆ. ಗೋಮಾಳವನ್ನೂ ಕೆರೆಯಂಗಳವನ್ನೂ ಸೇರಿಸಿ ಉತ್ತರೂ ಇಷ್ಟು ಜೋಳಕ್ಕೆ ಜಾಗ ಸಾಲದು. ಮನೆಯ ಮಾಳಿಗೆಯ ಮೇಲೆಯೂ ಬಿತ್ತಿದ್ದೇವೆಯೇ?" ಎಂದರು. ಸಭೆಯವರು ನಕ್ಕರು. ಏಜೆಂಟರು, "ಯಂತ್ರವು ತಪ್ಪು ಕೂಡುವುದಿಲ್ಲ ಯಜಮಾನರೇ, ಅಂಕಿಗಳು ನಿಮ್ಮ ಉಗ್ರಾಣದಿಂದಲೇ ಬಂದಿವೆ" ಎಂದು ವಿನಯವಾಗಿ ಉತ್ತರ ಕೊಟ್ಟರು. ಅಲ್ಲಿಗೆ ಮಾತು ಮುಗಿಯಿತು. ಅಂದು ನಕ್ಕವರಲ್ಲಿ ನಾನೂ ಒಬ್ಬನೆಂಬುದನ್ನು ಮರೆಮಾಚಲಾರೆನು.

ಆ ಚಿತ್ರವನ್ನು ನಂಬಿ ಕಂಪೆನಿಯವರು ಕೋಳಿ ಆಹಾರದ ಕಾರ್ಖಾನೆಯೊಂದಕ್ಕೆ ಇಷ್ಟು ಕ್ವಿಂಟಾಲು ಜೋಳವನ್ನು ಒದಗಿಸುವೆವೆಂದು ಕರಾರು ಮಾಡಿಕೊಂಡರು. ಸುಗ್ಗಿ ಬಂದಾಗ ಮಾಲು ಕರಾರಿನ ಅರ್ಧಕ್ಕೂ ಬರಲಿಲ್ಲ. ಮಳೆ ಕೆಟ್ಟಿರಲಿಲ್ಲ, ಹುಳುವಿನ ಬಾಧೆಯೂ ಅಷ್ಟಾಗಿರಲಿಲ್ಲ. ಮಾತನ್ನು ಉಳಿಸಿಕೊಳ್ಳಲು ಕಂಪೆನಿಯವರು ಮಂಡಿಯಲ್ಲಿ ಹೆಚ್ಚಿನ ಧಾರಣೆಗೆ ಕೊಂಡು ತುಂಬಿಸಬೇಕಾಯಿತು. ಆ ವರುಷ ಸದಸ್ಯರಿಗೆ ಸಲ್ಲಬೇಕಾಗಿದ್ದ ಪ್ರೋತ್ಸಾಹಧನವು ಸಲ್ಲಲಿಲ್ಲ. ಕೆಲವರು ಬೆಳೆಗಾರರೇ ಮಾಲನ್ನು ಬಚ್ಚಿಟ್ಟು ಹೊರಗೆ ಮಾರಿದರೆಂದು ಆಡಿಕೊಂಡರು. ಹಣದ ನಷ್ಟಕ್ಕಿಂತ ಈ ಮಾತಿನಿಂದಾದ ಮನಸ್ತಾಪವೇ ಹೆಚ್ಚಿನದೆಂದು ನನಗೆ ತೋರಿತು.

ಸುಗ್ಗಿಯ ತರುವಾಯ ಕಾರ್ಯದರ್ಶಿಯೂ ನಾನೂ ಎರಡು ದಿನ ಕುಳಿತು, ಆ ವೃದ್ಧರ ಗ್ರಾಮದ ಪಹಣಿಗಳನ್ನು ಒಂದೊಂದಾಗಿ ಚಿತ್ರದ ಅಂಕಿಗಳೊಡನೆ ತಾಳೆ ನೋಡಿದೆವು. ಮೊದಲನೆಯ ತಪ್ಪು ಬೇಗನೆ ಸಿಕ್ಕಿತು. ಉಗ್ರಾಣದಲ್ಲಿ ಜಮೀನಿನ ಪಟ್ಟಿ ಒಂದು, ಹಿಡುವಳಿದಾರರ ಪಟ್ಟಿ ಇನ್ನೊಂದು. ಒಂದು ಸರ್ವೆ ನಂಬರಿನ ೬ ಎಕರೆಯು ಮೂವರು ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲಿದೆಯೆಂದು ಭಾವಿಸೋಣ. ಜಮೀನಿನ ಪಟ್ಟಿಯಲ್ಲಿ ಅದಕ್ಕೆ ಒಂದೇ ಸಾಲು. ಹಿಡುವಳಿದಾರರ ಪಟ್ಟಿಯಲ್ಲಿ ಮೂರು ಸಾಲು. ಎರಡು ಪಟ್ಟಿಗಳನ್ನೂ ಸರ್ವೆ ನಂಬರಿನ ಆಧಾರದಿಂದ ಸೇರಿಸಿದಾಗ ಮೂವರ ಹೆಸರಿನ ಮುಂದೆಯೂ ೬ ಎಕರೆ ಬರುತ್ತದೆ. ಸಾಧನವು ಕೂಡುತ್ತದೆ, ೧೮ ಎಕರೆಯಾಗುತ್ತದೆ. ಭಾಗವಾಗದೆ ಉಳಿದ ಪಿತ್ರಾರ್ಜಿತ ಜಮೀನುಗಳು ನಮ್ಮ ಗ್ರಾಮಗಳಲ್ಲಿ ಎಷ್ಟಿವೆಯೆಂಬುದು ವಾಚಕರಿಗೆ ನನಗಿಂತ ಚೆನ್ನಾಗಿ ತಿಳಿದಿದೆ. ಯಾವ ಮನೆತನದಲ್ಲಿ ಅಣ್ಣತಮ್ಮಂದಿರು ಹೆಚ್ಚೋ ಆ ಮನೆತನದ ಜಮೀನು ಚಿತ್ರದಲ್ಲಿ ಅಷ್ಟಷ್ಟು ಬೆಳೆದಿತ್ತು!

ಎರಡನೆಯ ತಪ್ಪು ಸೂಕ್ಷ್ಮವಾದುದು. ಹಳೆಯ ಗುಮಾಸ್ತರು ೨ ಎಕರೆ ೩೦ ಗುಂಟೆಯನ್ನು ೨.೩೦ ಎಂದು ಚುಕ್ಕಿಯಿಟ್ಟು ಬರೆಯುತ್ತಿದ್ದರು. ಓದುವ ನಾವೆಲ್ಲ ಅದನ್ನು ಗುಂಟೆಯೆಂದೇ ತಿಳಿಯುತ್ತೇವೆ. ಯಂತ್ರಕ್ಕೆ ಅದು ದಶಾಂಶ. ೪೦ ಗುಂಟೆಗೆ ಒಂದು ಎಕರೆಯಾದ್ದರಿಂದ ೨ ಎಕರೆ ೩೦ ಗುಂಟೆಯೆಂದರೆ ಎರಡೂ ಮುಕ್ಕಾಲು ಎಕರೆ. ಯಂತ್ರವು ಎರಡು ಎಕರೆಯ ಮೇಲೆ ಹತ್ತರಲ್ಲಿ ಮೂರು ಪಾಲೆಂದು ಎಣಿಸಿಕೊಂಡಿತು. ಅಂತಹ ಎರಡು ತಾಕುಗಳನ್ನು ಕೂಡಿದರೆ ೫ ಎಕರೆ ೨೦ ಗುಂಟೆಯಾಗಬೇಕು, ಯಂತ್ರವು ೪.೬೦ ಎನ್ನುತ್ತದೆ. ಮೊದಲನೆಯ ತಪ್ಪು ವಿಸ್ತೀರ್ಣವನ್ನು ಹಿಗ್ಗಿಸುತ್ತಿತ್ತು, ಎರಡನೆಯದು ಕುಗ್ಗಿಸುತ್ತಿತ್ತು. ಆದುದರಿಂದ ಕೆಲವು ಗ್ರಾಮಗಳಲ್ಲಿ ಒಂದು ತಪ್ಪು ಮತ್ತೊಂದನ್ನು ಮರೆಸಿ, ಮೊತ್ತವು ನಂಬತಕ್ಕದ್ದಾಗಿಯೇ ಕಾಣುತ್ತಿತ್ತು. ಇಂತಹ ಗ್ರಾಮಗಳೇ ಹೆಚ್ಚು ಅಪಾಯಕರವಾದವು. ಖರಾಬು ಕಳೆಯದೆ ಒಟ್ಟು ವಿಸ್ತೀರ್ಣವನ್ನೇ ಸಾಗುವಳಿಯೆಂದು ಹಿಡಿದುಕೊಂಡದ್ದು ಮೂರನೆಯದು. ಅದರಿಂದ ಬಂದ ವ್ಯತ್ಯಾಸ ಅಲ್ಪ.

ಇದರಲ್ಲಿ ತಪ್ಪಿತಸ್ಥರು ಯಾರು? ಸಾಧನವು ಕೊಟ್ಟ ಸಾಲುಗಳನ್ನು ಸರಿಯಾಗಿಯೇ ಕೂಡಿತು. ಉಗ್ರಾಣದ ಎರಡು ಪಟ್ಟಿಗಳೂ ಬೇರೆ ಬೇರೆಯಾಗಿ ನೋಡಿದರೆ ಸರಿಯಾಗಿಯೇ ಇದ್ದುವು. ಏಜೆಂಟರಿಗೆ ಜಂಟಿ ಖಾತೆಯೆಂದರೇನೆಂಬುದು ತಿಳಿಯದು. ಅವರು ಮೊಬೈಲು ಮಾರುವ ಅಂಗಡಿಗಳ ಲೆಕ್ಕಕ್ಕೂ ಅದೇ ರೀತಿ ಜೋಡಿಸುವವರು. ಪಟ್ಟಿಯ ಒಂದು ಸಾಲು ಏನನ್ನು ಸೂಚಿಸುತ್ತದೆ, ಒಂದು ತಾಕನ್ನೋ ಒಬ್ಬ ಹಿಡುವಳಿದಾರನನ್ನೋ ಒಂದು ಬೆಳೆಯನ್ನೋ, ಎಂದು ಕೇಳಬೇಕಾಗಿದ್ದವರು ನಾವು. ಕೇಳಿದವರು ಒಬ್ಬರೇ, ಅವರ ಪ್ರಶ್ನೆಯನ್ನು ನಾವು ಹಾಸ್ಯವೆಂದು ತಿಳಿದೆವು.

ಆದಕಾರಣ ನನ್ನ ಮೊದಲನೆಯ ಸಲಹೆ ಇದು: ಬಿಡಿ ಪಟ್ಟಿಗಳನ್ನು ಸಾಧನದ ಕೈಗೆ ಕೊಡಬಾರದು. ಉಗ್ರಾಣದ ಒಳಗೇ ಒಂದು ಸಿದ್ಧಪಟ್ಟಿಯನ್ನು ಮಾಡಿಸಿ, ಅದನ್ನು ಮಾತ್ರ ಹೊರಗಿನ ಸಾಧನವು ಓದುವಂತೆ ಮಾಡಬೇಕು. ವ್ಯೂ ಎಂದು ಕರೆಯುವ ಈ ಏರ್ಪಾಡು ಎಲ್ಲ ಉಗ್ರಾಣಗಳಲ್ಲಿಯೂ ಉಂಟು. ಈ ಸಿದ್ಧಪಟ್ಟಿಯಲ್ಲಿ ಒಂದು ಸರ್ವೆ ನಂಬರಿನ ಒಂದು ಹಿಸ್ಸೆಯಲ್ಲಿ ಒಂದು ಹಂಗಾಮಿನ ಒಂದು ಬೆಳೆಗೆ ಒಂದೇ ಸಾಲಿರಬೇಕು, ವಿಸ್ತೀರ್ಣವೆಲ್ಲವನ್ನೂ ಗುಂಟೆಗೆ ಇಳಿಸಿ ಪೂರ್ಣಾಂಕದಲ್ಲಿ ಬರೆದಿರಬೇಕು, ಖರಾಬನ್ನು ಕಳೆದಿರಬೇಕು, ಜಂಟಿ ಖಾತೆಯ ಜಮೀನು ಒಂದೇ ಸಾರಿ ಲೆಕ್ಕಕ್ಕೆ ಬರಬೇಕು. ಒಂದೇ ನೆಲದಲ್ಲಿ ಮುಂಗಾರಿಗೆ ಜೋಳವೂ ಹಿಂಗಾರಿಗೆ ಕಡಲೆಯೂ ಬಂದರೆ ಎರಡನ್ನೂ ಕೂಡಿದ ಮೊತ್ತವು ಬೆಳೆಯ ವಿಸ್ತೀರ್ಣವೇ ಹೊರತು ನೆಲದ ವಿಸ್ತೀರ್ಣವಲ್ಲವೆಂಬುದನ್ನೂ ಅದರಲ್ಲಿ ಸ್ಪಷ್ಟವಾಗಿ ಹೆಸರಿಸಬೇಕು.

ಇದೇ ಲೆಕ್ಕಾಚಾರವನ್ನು ಸಾಧನದಲ್ಲಿಯೇ ಮಾಡಬಹುದಲ್ಲವೇ ಎಂದು ಏಜೆಂಟರು ಕೇಳುವರು. ಮಾಡಬಹುದು, ಅವರಿಗೆ ಅದೇ ಸುಲಭ, ಅದೇ ಲಾಭ. ಹಾಗೆ ಮಾಡಿದರೆ ನಮ್ಮ ಎಕರೆ ಎಂದರೇನು, ನಮ್ಮ ಇಳುವರಿ ಎಂದರೇನು ಎಂಬ ಅರ್ಥಗಳೆಲ್ಲ ಅವರ ಕಡತದೊಳಗೆ ಸೇರಿಹೋಗುತ್ತವೆ. ನಾಳೆ ಸಾಧನದ ಬಾಡಿಗೆ ಹೆಚ್ಚಾಗಿ ಬೇರೆಯವರಲ್ಲಿಗೆ ಹೋಗಬೇಕಾದರೆ ಎಲ್ಲವನ್ನೂ ಮೊದಲಿನಿಂದ ಬರೆಯಬೇಕು. ಬ್ಯಾಂಕಿನವರು ಅದೇ ಉಗ್ರಾಣಕ್ಕೆ ತಮ್ಮ ಬೇರೊಂದು ಸಾಧನವನ್ನು ಜೋಡಿಸಿದರೆ ಅವರಿಗೆ ಒಂದು ಮೊತ್ತವೂ ನಮಗೆ ಒಂದು ಮೊತ್ತವೂ ಬರುತ್ತದೆ. ಹಿಂದೆ ಊರೂರಿಗೆ ಕೊಳಗ ಬೇರೆಯಾಗಿದ್ದ ಕಾಲದಲ್ಲಿ ಲಾಭ ಪಡೆದವನು ಬೆಳೆದವನಲ್ಲ, ಎರಡು ಊರಿನ ಕೊಳಗವನ್ನೂ ಬಲ್ಲ ವ್ಯಾಪಾರಿ. ಉಗ್ರಾಣದೊಳಗೆ ಅಳೆದು ಕೊಟ್ಟರೆ ಯಾವ ಸಾಧನವನ್ನು ಜೋಡಿಸಿದರೂ ಉತ್ತರ ಒಂದೇ.

ಗಡಿಯಾರದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುವೆನು. ಕ್ಲೌಡ್ ಉಗ್ರಾಣಗಳಲ್ಲಿ ಸಾಮಾನ್ಯವಾಗಿ ವೇಳೆಯನ್ನು ಯು. ಟಿ. ಸಿ. ಎಂಬ ಅಂತರರಾಷ್ಟ್ರೀಯ ಕಾಲಮಾನದಲ್ಲಿ ಬರೆದಿಡುತ್ತಾರೆ. ನಮ್ಮ ಕಾಲಮಾನವು ಅದಕ್ಕಿಂತ ೫ ಗಂಟೆ ೩೦ ನಿಮಿಷ ಮುಂದೆ. ಬೆಳಗಿನ ಜಾವ ೫ ಗಂಟೆಗೆ ಟೊಮಾಟೊ ತೂಗಿಸಿದರೆ ಉಗ್ರಾಣದ ಗಡಿಯಾರದಲ್ಲಿ ಅದು ಹಿಂದಿನ ದಿನದ ರಾತ್ರಿ ೧೧-೩೦. ಸಾಧನವು ತಾರೀಖನ್ನು ಬದಲಾಯಿಸದೆ ಹಾಗೆಯೇ ತೆಗೆದುಕೊಂಡರೆ ಇಂದಿನ ಮಾಲಿಗೆ ನಿನ್ನೆಯ ಧಾರಣೆ ಬೀಳುತ್ತದೆ. ಟೊಮಾಟೊವಿನ ಧಾರಣೆ ಒಂದು ರಾತ್ರಿಯಲ್ಲಿ ಏನಾಗಬಹುದೆಂಬುದನ್ನು ಕೋಲಾರದ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.

ಇನ್ನು ಖರ್ಚಿನ ವಿಚಾರ. ಸಾಧನವನ್ನು ಎರಡು ಬಗೆಯಲ್ಲಿ ಜೋಡಿಸಬಹುದು. ಒಂದು, ಪ್ರತಿಯೊಂದು ಪ್ರಶ್ನೆಗೂ ಉಗ್ರಾಣದ ಬಾಗಿಲಿಗೇ ಹೋಗಿ ಬರುವುದು; ಇದು ನೇರವಾದ ಜೋಡಣೆ. ಎರಡು, ಗೊತ್ತಾದ ವೇಳೆಗಳಲ್ಲಿ ಬೇಕಾದಷ್ಟನ್ನು ನಕಲು ಮಾಡಿ ಸಾಧನದೊಳಗೆ ತಂದಿಟ್ಟುಕೊಳ್ಳುವುದು. ಏಜೆಂಟರು ನೇರ ಜೋಡಣೆಯನ್ನೇ ಹೊಗಳುತ್ತಾರೆ. ಕ್ಷಣಕ್ಷಣದ ಅಂಕಿ ಕಾಣುತ್ತದೆ ಎನ್ನುತ್ತಾರೆ. ಜೋಳದ ಹೊಲವು ಕ್ಷಣಕ್ಷಣಕ್ಕೆ ಬದಲಾಗುವುದಿಲ್ಲ. ಬಿಗ್‌ಕ್ವೆರಿಯಲ್ಲಿ ಸಾಮಾನ್ಯವಾದ ದರವು ಪ್ರಶ್ನೆಯು ಓದಿದ ಅಂಕಿಗಳ ಗಾತ್ರದ ಮೇಲೆ ಬೀಳುತ್ತದೆ. ತಿಂಗಳಿಗೆ ಮೊದಲ ಒಂದು ಟೆಬಿಬೈಟು ಉಚಿತವಾದುದರಿಂದ ಒಂದು ಸಣ್ಣ ಕಂಪೆನಿಗೆ ಅಲ್ಲಿ ಭಯವಿಲ್ಲ. ಸ್ನೋಫ್ಲೇಕಿನಲ್ಲಿ ಯಂತ್ರವು ಎಚ್ಚರವಾಗಿರುವ ಕಾಲಕ್ಕೆ ದರ. ಅತಿ ಚಿಕ್ಕ ಯಂತ್ರವು ಗಂಟೆಗೆ ಒಂದು ಕ್ರೆಡಿಟ್ಟನ್ನು ನುಂಗುತ್ತದೆ. ಕೆಲಸವಿಲ್ಲದಿದ್ದರೆ ಇಷ್ಟು ನಿಮಿಷಗಳಲ್ಲಿ ಮಲಗಬೇಕೆಂದು ನಾವು ಗೊತ್ತುಮಾಡಬಹುದು. ಹತ್ತು ನಿಮಿಷಕ್ಕೆ ಮಲಗಬೇಕೆಂದು ಗೊತ್ತುಮಾಡಿ, ಸಾಧನವು ಐದು ನಿಮಿಷಕ್ಕೊಂದು ಸಾರಿ ಪ್ರಶ್ನೆ ಕೇಳುವಂತೆ ಇಟ್ಟರೆ, ಆ ಯಂತ್ರಕ್ಕೆ ನಿದ್ರೆಯೆಂಬುದೇ ಇಲ್ಲ. ೩೦ ದಿನಗಳಿಗೆ ೭೨೦ ಕ್ರೆಡಿಟ್ಟುಗಳಾದುವು. ದಿನಕ್ಕೆ ಒಂದು ಗಂಟೆ ನಡೆದರೆ ೩೦ ಸಾಕು. ಗದ್ದೆಗೆ ನೀರು ತುಂಬಿ ಕೋಡಿ ಹರಿದರೂ ಪಂಪುಸೆಟ್ಟನ್ನು ನಿಲ್ಲಿಸದೆ ಮನೆಯಲ್ಲಿ ಮಲಗಿದವನಂತೆ ಇದು. ವ್ಯತ್ಯಾಸವೇನೆಂದರೆ ಈ ವಿದ್ಯುತ್ತಿಗೆ ಸರ್ಕಾರದ ರಿಯಾಯಿತಿ ಇಲ್ಲ.

ದಿನಕ್ಕೆ ಎರಡು ಸಾರಿ, ಮಂಡಿಯ ವ್ಯಾಪಾರ ಮುಗಿದ ಮೇಲೊಮ್ಮೆ ರಾತ್ರಿಯೊಮ್ಮೆ, ನಕಲು ತಂದರೆ ಬೆಳೆಗಾರರ ಕಂಪೆನಿಗೆ ಯಥೇಷ್ಟ. ಪವರ್ ಬಿ. ಐ.ಯ ಸಾಮಾನ್ಯ ಪ್ರೋ ಪರವಾನಗಿಯಲ್ಲಿಯೇ ದಿನಕ್ಕೆ ೮ ಸಾರಿ ನಕಲು ತರಲು ಅವಕಾಶವಿದೆ. ಚಿತ್ರದ ಮೂಲೆಯಲ್ಲಿ ನಕಲು ತಂದ ದಿನವೂ ವೇಳೆಯೂ ಕಾಣುವಂತೆ ಬರೆಸಬೇಕು. ಹಳಸಿದ ಅಂಕಿಯು ಹೊಸ ಬಣ್ಣದಲ್ಲಿ ಬರುವುದರಿಂದ ಅದರ ಹಳಸು ಕಣ್ಣಿಗೆ ಕಾಣುವುದಿಲ್ಲ. ಆದರೆ ನಕಲಿನಲ್ಲಿ ಒಂದು ತೊಡಕುಂಟು: ನಕಲಾದ ಅಂಕಿಗಳು ಸಾಧನದವರ ಮನೆಯಲ್ಲಿಯೂ ವಾಸಮಾಡುತ್ತವೆ. ಏನನ್ನು ನಕಲು ಮಾಡಲು ಬಿಡುತ್ತೇವೆಂಬ ವಿಷಯಕ್ಕೆ ಇದರಿಂದಲೇ ಪ್ರಾಮುಖ್ಯತೆ.

ನಾನು ಮೇಲೆ ಹೇಳಿದ ಕಂಪೆನಿಯಲ್ಲಿ ಏಜೆಂಟರಿಗೆ ಕೊಟ್ಟಿದ್ದುದು ಕಾರ್ಯದರ್ಶಿಯ ಸ್ವಂತ ಪಾಸ್‌ವರ್ಡು. ಅದರಿಂದ ಉಗ್ರಾಣದ ಎಲ್ಲ ಕೋಣೆಗಳೂ ತೆರೆಯುತ್ತಿದ್ದುವು; ಓದುವುದಲ್ಲದೆ ಅಳಿಸುವುದಕ್ಕೂ ಅಧಿಕಾರವಿತ್ತು. ಸದಸ್ಯರ ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ, ಬ್ಯಾಂಕಿನ ಖಾತೆ, ಸಾಲದ ಬಾಕಿ ಎಲ್ಲವೂ ಅಲ್ಲಿಯೇ ಇದ್ದುವು. ಏನೂ ಕೇಡಾಗಲಿಲ್ಲವೆಂಬುದು ನಮ್ಮ ಪುಣ್ಯ. ಯಾವ ಗ್ರಾಮದವರು ಸಾಲದ ಕಂತಿಗಾಗಿ ಅವಸರದಲ್ಲಿದ್ದಾರೆ, ಯಾರ ಬೆಳೆ ಮೊದಲು ಕಟಾವಿಗೆ ಬರುತ್ತದೆ ಎಂಬುದು ಒಬ್ಬ ದೊಡ್ಡ ವ್ಯಾಪಾರಿಗೆ ಮುಂಚಿತವಾಗಿ ತಿಳಿದರೆ, ಧಾರಣೆ ಕಟ್ಟುವಾಗ ಅವನು ಏನು ಮಾಡುವನೆಂಬುದನ್ನು ಭೂಮಾಲೀಕರೇ ಊಹಿಸಬಹುದು.

ಇದು ಬರಿಯ ಕಲ್ಪನೆಯಲ್ಲ. ೨೦೨೪ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಸೈಸೆನ್ಸ್ ಎಂಬ ಬಿ. ಐ. ಸಾಧನದ ಕಂಪೆನಿಗೆ ಕಳ್ಳರು ನುಗ್ಗಿದಾಗ, ಅಮೆರಿಕ ಸರ್ಕಾರದ ಸೈಬರ್ ರಕ್ಷಣಾ ಸಂಸ್ಥೆಯವರು ಆ ಕಂಪೆನಿಯ ಗಿರಾಕಿಗಳಿಗೆಲ್ಲ, ಅದರ ಸಾಧನದಲ್ಲಿ ಬರೆದಿಟ್ಟ ಪಾಸ್‌ವರ್ಡುಗಳನ್ನೂ ಗುಪ್ತಾಕ್ಷರಗಳನ್ನೂ ಕೂಡಲೇ ಬದಲಾಯಿಸಿರೆಂದು ಎಚ್ಚರಿಕೆ ಕೊಟ್ಟರು. ಗಿರಾಕಿಗಳ ಉಗ್ರಾಣಗಳ ಬೀಗದ ಕೈಗಳೆಲ್ಲ ಸಾಧನದವರ ಮನೆಯಲ್ಲಿ ತೂಗುಹಾಕಿದ್ದುದೇ ಅಂಜಿಕೆಗೆ ಕಾರಣ. ಅದೇ ವರುಷ ಸ್ನೋಫ್ಲೇಕಿನಲ್ಲಿ ಲೆಕ್ಕವಿಟ್ಟಿದ್ದ ಸುಮಾರು ೧೬೫ ಸಂಸ್ಥೆಗಳಿಗೆ ನಿಮ್ಮ ಲೆಕ್ಕ ಬಯಲಾಗಿರಬಹುದೆಂಬ ಸೂಚನೆ ಹೋಯಿತು. ಅಲ್ಲಿ ಯಾರೂ ಉಗ್ರಾಣದ ಗೋಡೆಗೆ ಕನ್ನ ಹಾಕಿರಲಿಲ್ಲ. ಎಲ್ಲಿಯೋ ಕದ್ದ ಗಿರಾಕಿಗಳ ಪಾಸ್‌ವರ್ಡುಗಳಿಂದಲೇ, ಮೊಬೈಲಿಗೆ ಬರುವ ಎರಡನೆಯ ಸಂಖ್ಯೆಯಂತಹ ರಕ್ಷಣೆಯಿಲ್ಲದ ಖಾತೆಗಳನ್ನು ತೆರೆದಿದ್ದರು. ಕೆಲವು ಪಾಸ್‌ವರ್ಡುಗಳು ಕಳುವಾಗಿ ವರುಷಗಳೇ ಕಳೆದಿದ್ದರೂ ಅವುಗಳನ್ನು ಬದಲಾಯಿಸಿರಲಿಲ್ಲ.

ಆದ್ದರಿಂದ ಸಾಧನಕ್ಕೆಂದೇ ಬೇರೆ ಖಾತೆಯೊಂದನ್ನು ಉಗ್ರಾಣದಲ್ಲಿ ತೆರೆಯಿಸತಕ್ಕದ್ದು. ಅದಕ್ಕೆ ಓದುವ ಅಧಿಕಾರ ಮಾತ್ರ, ಅದೂ ಸಿದ್ಧಪಟ್ಟಿಗಳನ್ನು ಮಾತ್ರ. ಸಿದ್ಧಪಟ್ಟಿಯಲ್ಲಿ ಆಧಾರ್, ಮೊಬೈಲ್, ಬ್ಯಾಂಕು ಇವುಗಳ ಸುಳಿವೇ ಇರಬಾರದು. ಹೆಸರಿಗೆ ಬದಲಾಗಿ ಕಂಪೆನಿಯ ಸದಸ್ಯತ್ವದ ಸಂಖ್ಯೆ ಸಾಕು. ಸಾಧ್ಯವಿದ್ದಲ್ಲಿ ಪಾಸ್‌ವರ್ಡಿಗೆ ಬದಲು ಗುಪ್ತಾಕ್ಷರಗಳ ಜೋಡಿಯನ್ನು ಬಳಸಿ, ಸಾಧನದವರ ಗೊತ್ತಾದ ವಿಳಾಸಗಳಿಂದ ಬಂದ ಪ್ರಶ್ನೆಗೆ ಮಾತ್ರ ಬಾಗಿಲು ತೆರೆಯುವಂತೆ ಮಾಡಿಸಬೇಕು. ಏಜೆಂಟರು ಬದಲಾದ ದಿನವೇ ಕೀಲಿಯೂ ಬದಲಾಗಬೇಕು. ಯಾವ ಖಾತೆಯಿಂದ ಯಾವಾಗ ಏನು ಕೇಳಲ್ಪಟ್ಟಿತೆಂಬುದನ್ನು ಉಗ್ರಾಣವೇ ಬರೆದಿಟ್ಟಿರುತ್ತದೆ. ಸ್ನೋಫ್ಲೇಕಿನಲ್ಲಿ ಒಂದು ವರುಷದ ದಾಖಲೆ ಸಿಗುತ್ತದೆ. ತಿಂಗಳಿಗೊಮ್ಮೆ ಆ ದಾಖಲೆಯನ್ನು ಸಭೆಯ ಮುಂದೆ ಓದಿಸಿದರೆ ಕಾರ್ಯದರ್ಶಿಗೂ ಎಚ್ಚರವಿರುತ್ತದೆ. ೨೦೨೩ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಯ ಬಗ್ಗೆ ಕೇಂದ್ರದ ಕಾಯಿದೆಯೇ ಬಂದಿದೆ. ಸದಸ್ಯರ ವಿವರವನ್ನು ಕೂಡಿಹಾಕಿದವರ ಹೊಣೆ, ಅದನ್ನು ಬೇರೆಯವರ ಮೂಲಕ ಬಳಸಿದರೂ, ಅವರ ಮೇಲೆಯೇ ನಿಲ್ಲುತ್ತದೆ. ಏಜೆಂಟರ ಕಡೆಗೆ ಬೆರಳು ತೋರಿಸಿದರೆ ತೀರುವುದಿಲ್ಲ.

ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ಪ್ರತಿ ಗ್ರಾಮದ ಯಜಮಾನರಿಗೂ ಅವರ ಗ್ರಾಮದ ಅಂಕಿ ಮಾತ್ರ ಕಾಣುವಂತೆ ಮಾಡಿದ್ದೇವೆಂದು ಏಜೆಂಟರು ಹೇಳುವರು. ಈ ಕಟ್ಟುಪಾಡು ಎಲ್ಲಿದೆಯೆಂದು ವಿಚಾರಿಸಿರಿ. ಸಾಧನವು ಎಲ್ಲರ ಪರವಾಗಿಯೂ ಒಂದೇ ಖಾತೆಯಿಂದ ಪ್ರಶ್ನೆ ಕೇಳುತ್ತಿದ್ದರೆ, ಉಗ್ರಾಣಕ್ಕೆ ಕೇಳುವವರೆಲ್ಲರೂ ಒಬ್ಬರೇ. ಆಗ ತಡೆಯಿರುವುದು ಸಾಧನದ ಒಳಗೆ ಮಾತ್ರ. ಅಲ್ಲಿ ಒಬ್ಬರು ಕೈತಪ್ಪಿ ಒಂದು ಗುರುತನ್ನು ಅಳಿಸಿದರೆ ಎಲ್ಲರ ಲೆಕ್ಕವೂ ಎಲ್ಲರಿಗೂ ಬಯಲು. ಸಾಲುಸಾಲಿಗೂ ಕಾವಲಿಡುವ ಅನುಕೂಲ ಉಗ್ರಾಣಗಳಲ್ಲಿಯೇ ಇದೆ. ಕೆಲಸ ಹೆಚ್ಚಾದರೂ ಅಲ್ಲಿಯೇ ಇಡಿಸುವುದು ಲೇಸು.

ಇಷ್ಟೆಲ್ಲ ರಗಳೆ ಏತಕ್ಕೆಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಮುನ್ನೂರು ನಾನೂರು ಸದಸ್ಯರ ಕಂಪೆನಿಗೆ ಕ್ಲೌಡ್ ಉಗ್ರಾಣವೂ ಬೇಕಾಗಿಲ್ಲ, ಹೊರಗಿನವರ ಸಾಧನವೂ ಬೇಕಾಗಿಲ್ಲ; ಕಾರ್ಯದರ್ಶಿಯ ಗಣಕದಲ್ಲಿ ಒಂದು ಎಕ್ಸೆಲ್ ಪಟ್ಟಿಯಿದ್ದರೆ ಸಾಕೆಂದು ನನ್ನ ದೃಢವಾದ ಅಭಿಪ್ರಾಯ. ಪಕ್ಕದ ತಾಲ್ಲೂಕಿನವರು ಮಾಡಿಸಿದರೆಂಬ ಪೈಪೋಟಿಯಿಂದ ಮಾಡಿಸತಕ್ಕ ಕೆಲಸ ಇದಲ್ಲ. ಹಲವು ಕಂಪೆನಿಗಳು ಒಂದುಗೂಡಿ ಮಾಲನ್ನು ಮಾರುವಾಗ, ತೂಕದ ಯಂತ್ರಗಳೂ ಗೋದಾಮುಗಳೂ ಹತ್ತಾರು ಕಡೆ ಇರುವಾಗ, ಇದರಿಂದ ನಿಜವಾದ ಪ್ರಯೋಜನವುಂಟು. ಆಗಲೂ ಏಜೆಂಟರೊಡನೆ ಕರಾರು ಮಾಡಿಕೊಳ್ಳುವ ಮುಂಚೆ, ಕರಾರು ಮುಗಿದ ಮೇಲೆ ಅವರಲ್ಲಿರುವ ನಕಲುಗಳನ್ನು ಎಷ್ಟು ದಿನಗಳಲ್ಲಿ ಅಳಿಸುವರೆಂಬುದನ್ನು ಬರವಣಿಗೆಯಲ್ಲಿ ಪಡೆಯತಕ್ಕದ್ದು. ನಾನು ನೋಡಿದ ಕರಾರು ಪತ್ರದಲ್ಲಿ ಹಣ ಕೊಡುವ ತಾರೀಖುಗಳು ವಿವರವಾಗಿದ್ದುವು. ಈ ಮಾತು ಎಲ್ಲಿಯೂ ಇರಲಿಲ್ಲ.

ಮೇಲೆ ಹೇಳಿದ ಕಂಪೆನಿಯವರು ಸಾಧನವನ್ನು ತೆಗೆದುಹಾಕಲಿಲ್ಲ. ಸಿದ್ಧಪಟ್ಟಿಯನ್ನು ಮಾಡಿಸಲು ಆರು ವಾರಗಳು ಹಿಡಿದುವು. ಅದರಲ್ಲಿ ಹೆಚ್ಚಿನ ಕಾಲ ಹೋದದ್ದು ಯಂತ್ರದ ಕೆಲಸಕ್ಕಲ್ಲ, ಜಂಟಿ ಖಾತೆಗಳಲ್ಲಿ ಸಾಗುವಳಿ ಮಾಡುತ್ತಿರುವವರು ಯಾರೆಂಬುದನ್ನು ಗ್ರಾಮಗ್ರಾಮದಲ್ಲಿ ಕೇಳಿ ಬರೆದುಕೊಳ್ಳುವುದಕ್ಕೆ. ಈಗ ಪ್ರತಿ ಹಂಗಾಮಿನ ಮೊದಲ ಸಭೆಯಲ್ಲಿ ಚಿತ್ರವನ್ನು ತೋರಿಸುವುದಕ್ಕೆ ಮುಂಚೆ, ಡೈರೆಕ್ಟರೊಬ್ಬರು ತಮ್ಮ ಗ್ರಾಮದ ಮೂರು ಸರ್ವೆ ನಂಬರುಗಳನ್ನು ಹೇಳುತ್ತಾರೆ. ಅವುಗಳ ಪಹಣಿಯನ್ನು ಓದಿ, ಉಗ್ರಾಣದ ಅಂಕಿಯನ್ನೂ ಚಿತ್ರದ ಅಂಕಿಯನ್ನೂ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆಯುತ್ತಾರೆ. ಮೂರೂ ಸರಿಹೊಂದಿದರೆ ಸಭೆ ಮುಂದುವರಿಯುತ್ತದೆ. ಕಳೆದ ಮುಂಗಾರಿನಲ್ಲಿ ಒಂದು ನಂಬರು ೧೪ ಗುಂಟೆ ವ್ಯತ್ಯಾಸ ತೋರಿಸಿತು. ವಿಚಾರಿಸಲಾಗಿ, ಚಿತ್ರವೂ ಉಗ್ರಾಣವೂ ಸರಿಯಾಗಿದ್ದು, ಪೋಡಿಯಾದ ತರುವಾಯ ಹೊಸ ಪಹಣಿಯನ್ನು ತರದೆ ಹಳೆಯದನ್ನೇ ಹಿಡಿದು ಬಂದಿದ್ದವರು ಅದೇ ವೃದ್ಧ ಯಜಮಾನರೆಂದು ಗೊತ್ತಾಯಿತು. ಈ ಸಾರಿ ನಗುವ ಸರದಿ ಅವರದೇ ಆಯಿತು.